ಕೆಳಮನೆ ಮಾಮನ ಕಪ್ಪೆ ಆಟ

ಕೆಳಮನೆ ಮಾಮನ ಬಲಗೆನ್ನೆಯ ಮೇಲೆ ಯಾವಾಗಲೂ ಚಾಪೆಯ ಗೆರೆಗಳು ಮೂಡಿರುತ್ತಿದ್ದವು. ಕಾರ್ಖಾನೆಯಲ್ಲಿ ನೈಟ್ ಡ್ಯೂಟಿ. ಹಗಲು ಮಲಗಬೇಕಾದ ಮನುಷ್ಯ. ಆ ನಿದ್ದೆಯನ್ನೂ ನಮಗಾಗಿ ಕೆಡಿಸಿಕೊಂಡರು. ಅಂಥವರು ಹೋಗಿ ತಿಂಗಳೂ ಆಗಿಲ್ಲ, ಸೊಸೈಟಿಯ ಶೋಕಸಭೆಯಲ್ಲಿ ಚೇರ್ಮನ್ ಎನ್ನುವ ಮಹಾಶಯ, “ಪಾಪ, ಮುದುಕರಿಗೆ ವಿಡಿಯೊ ಗೇಮಿನ ಹುಚ್ಚು” ಎಂದು ಹಲ್ಲು ಕಿರಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಹುಚ್ಚಂತೆ, ಹುಚ್ಚು! ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ಗೆ ಆಗ ಇದ್ದದ್ದು ಕೆಳಗಿನ ಒಂದೇ ನಲ್ಲಿ. ನೀರು ಹಗಲು ಯಾವಾಗ ಬೇಕಾದರೂ ಬರಬಹುದು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದರೆ ನೀರು ಕಾಯಲು ನನ್ನನ್ನು ಶಾಲೆ ತಪ್ಪಿಸಿ ಕೂರಿಸುತ್ತಿದ್ದರು. ಅಣ್ಣನನ್ನಲ್ಲ, ನನ್ನನ್ನು. ನೆನೆದರೆ ಈಗಲೂ ರಕ್ತ ಕುದಿಯುತ್ತದೆ.

ಒಂದು ದಿನ ಮಾಮ ಮೆಟ್ಟಿಲಲ್ಲೇ ಅಮ್ಮನನ್ನು ತಡೆದರು. “ನಿಮಗೆಂತ ಮಂಡೆ ಸಮ ಇಲ್ವಾ? ಹುಡುಗಿಯ ಶಾಲೆ ದೊಡ್ಡದಾ, ಬಾಲ್ದಿ ದೊಡ್ಡದಾ? ನಾಳೆಯಿಂದ ಅವಳು ಶಾಲೆಗೆ ಹೋಗ್ಲಿ. ನೀರು ನಾನು ತುಂಬಿಸ್ತೇನೆ.”

ಅಮ್ಮ ಹುಬ್ಬಳ್ಳಿಯವಳು, ಬಿಟ್ಟಾಳೆಯೇ? “ನೀವ್ ಹಗಲೆಲ್ಲಾ ಮಕ್ಕೊಂಡಿರ್ತೀರಿ. ನೀರ್ ಬಂದದ್ದು ಹೆಂಗ ಗೊತ್ತಾಗ್ತದ್ರೀ ನಿಮಗ?”

ಮಾಮನ ಮನೆಯಲ್ಲಿ, ಅವರ ಭಾವ ಗಲ್ಫಿನಿಂದ ತಂದ ಕಂಪ್ಯೂಟರ್ ಇತ್ತು: ಟೀವಿಗೆ ಸಿಕ್ಕಿಸುವ ಬರೀ ಕೀಬೋರ್ಡು, ಕ್ಯಾಸೆಟ್ಟಿನಿಂದ ಕಿರುಚಿಕೊಂಡು ಲೋಡ್ ಆಗುವ ಕಪ್ಪೆ ಆಟ. ಅದರ ಜಾಯ್‌ಸ್ಟಿಕ್ಕಿನ ಗುಂಡಿಗೆ ಉದ್ದ ವೈರ್ ಬೆಸೆದು, ನಲ್ಲಿಯಡಿಯ ಬಾಲ್ದಿಯಲ್ಲಿ ತೇಲುವ ಡಬ್ಬಿಗೆ ಜೋಡಿಸಿದರು. ಬೆಳಿಗ್ಗೆ ಆಟ ಲೋಡ್ ಮಾಡಿಟ್ಟೇ ಮಲಗುವುದು. ನೀರು ಬಂದು ಡಬ್ಬಿ ಮೇಲೆದ್ದರೆ ಗುಂಡಿ ಒತ್ತಿದ ಹಾಗೆ. ಆಟ ಶುರು, ಅದರ ಟ್ಯೂನ್ ಇಡೀ ಬಿಲ್ಡಿಂಗ್‌ಗೆ ಕೇಳುವಷ್ಟು ಜೋರು. ಮಾಮ ಚಾಪೆಯಿಂದೆದ್ದು ಗೊಣಗುತ್ತಲೇ ಬಂದು ನಮ್ಮ ಬಾಲ್ದಿಗಳನ್ನೂ ತುಂಬಿಸುತ್ತಿದ್ದರು. ನಾನು ಶಾಲೆಗೆ ಹೋದೆ. ಇಂದು ಖಾರಘರದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ.

ಸಭೆ ಮುಗಿದದ್ದೇ ಮಾಮನ ಮಗನನ್ನು ಹಿಡಿದೆ. “ಆ ಮೆಷಿನ್ ಎಲ್ಲೋ?”

“ಭಂಗಾರ್‌ಗೆ ಹಾಕಿದೆ.”

“ಗುಜರಿಗೆ ಹಾಕಿದ್ಯಾ? ನಾಚಿಕೆ ಆಗಲ್ವೇನೋ ನಿನಗೆ?” ಎಲ್ಲರೆದುರೇ ಕೂಗಿದೆ.

ಅವನೂ ಸಿಡಿದ. “ಛೋಡ್ ನಾ, ಅಕ್ಕಾ! ಅದು ನನ್ನ ಬರ್ತ್‌ಡೇ ಗಿಫ್ಟ್ ಇತ್ತು. ಹಗಲೆಲ್ಲ ನೀರಿಗೆ ಕಾಯ್ತಿತ್ತು. ಸಂಜೆ ಪಪ್ಪಾ ಕಪಾಟಲ್ಲಿಟ್ಟು ಬೀಗ ಹಾಕಿ ಡ್ಯೂಟಿಗೆ ಹೋಗ್ತಿದ್ರು. ‘ಹಾಳಾದ್ರೆ ಮೇಲಿನ ಹುಡುಗಿಯ ಶಾಲೆ ಹೋಗ್ತದೆ’ ಅಂತ. ಏಕ್ ಬಾರ್ ಭೀ ನಾನು ಆಡಿಲ್ಲ.”

ನನ್ನ ಸಿಟ್ಟು ಇಳಿಯಲಿಲ್ಲ. ಮೊದಲ ಸಲ ಅದು ಮಾಮನ ಮೇಲೆ ತಿರುಗಿತು. ಮಾರಾಯರೇ, ಒಂದೇ ಒಂದು ಭಾನುವಾರ ಆಡಲು ಬಿಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಮರುದಿನ ವಿಠ್ಠಲವಾಡಿಯ ಗುಜರಿ ಅಂಗಡಿಯಿಂದ ಅದನ್ನು ಕ್ಯಾಸೆಟ್ಟಿನ ಸಮೇತ ಬಿಡಿಸಿಕೊಂಡು ಬಂದೆ. ಮಾಮನ ಹಳೇ ಟೀವಿಗೆ ಸಿಕ್ಕಿಸಿ, “ಕೂತ್ಕೋ, ಆಡು” ಎಂದು ಅವನನ್ನು ಗದರಿದೆ. ಟ್ಯೂನ್ ಮೊಳಗಿತು. ಮೇಲ್ಮಹಡಿಯ ಉಡುಪಿ ಅಜ್ಜಿ ಗಾಬರಿಬಿದ್ದು ಬಾಗಿಲು ತೆಗೆದ ಸದ್ದಾಯಿತು.

“ನೀರು ಬಂತಾ ಮಗಾ?”

ಅಪ್ಪನಿಗಾಗಿ ತಲೆ ಬೋಳಿಸಿಕೊಂಡಿದ್ದ ಆ ನಡುವಯಸ್ಸಿನವನು ಕಪ್ಪೆಯಿಂದ ಕಣ್ಣು ತೆಗೆಯದೆ ಗಂಟಲು ಹರಿಯುವ ಹಾಗೆ ಕೂಗಿದ: “ನಹೀ ಅಜ್ಜೀ! ನಾನು ಆಡ್ತಾ ಇದ್ದೇನೆ!”