ತಾನೇ ತೂಗುವ ತೊಟ್ಟಿಲು

ಇವತ್ತು ಮಧ್ಯಾಹ್ನ ಪಕ್ಕದ ಮನೆಯವರ ಪಾರ್ಸೆಲ್ಲೊಂದು ನಮ್ಮ ಮನೆಗೆ ಬಂತು. ಅವರ ಸೊಸೆ ತುಂಬು ಬಸುರಿ. ಡಬ್ಬಿಯ ಮೂಲೆ ಹರಿದು ಹೊಸ ಪ್ಲಾಸ್ಟಿಕ್ಕಿನ ವಾಸನೆ ಹೊರಗೆ ಬರುತ್ತಿತ್ತು. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಅನುಮಾನ ಎದ್ದು ಕೂತಿತು. ಮಂದಿ ಮನೆಯ ಸಾಮಾನು, ನಿನಗ್ಯಾಕೆ ಉಸಾಬರಿ ಅನ್ನುತ್ತೀರಾ? ಅನ್ನಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಕಾಯಿಪಲ್ಲೆಯವನ ತಕ್ಕಡಿಯಿಂದ ಡಾಕ್ಟರರ ನಗುವಿನತನಕ ನಾನು ಯಾವುದನ್ನೂ ಸುಮ್ಮನೆ ನಂಬಿದವಳಲ್ಲ.

ನನ್ನ ಮಗ ಬಸು ಅಪ್ಪನಾಗುವ ವರ್ಷ ಮರಾಠಿ ಸೀಮೆಯ ಈ ಘಣಸೋಲಿಯ ನಮ್ಮ ಮನೆಯೂ ಹೀಗೇ ನಾರುತ್ತಿತ್ತು. ಉಲ್ಹಾಸನಗರದ ಪೇಟೆಗೆ ಹೋದನೆಂದರೆ ಎರಡೂ ಕೈಯಲ್ಲಿ ಚೀಲ ಹಿಡಿದೇ ಬರುವವನು. ಕಪ್ಪು-ಬಿಳಿ ಗೆರೆಯ ರಟ್ಟುಗಳು, ಮಲಗಿದ ಕೂಸಿನ ಮುಖದ ಮೇಲೆ ಗಿರಗಿರ ತಿರುಗುವ ಬಟ್ಟೆಯ ಮೀನುಗಳು, ಬಗೆಬಗೆಯ ಗಿಲಕಿಗಳು, ಒಂದು ಅರಳೆಯ ಕರಡಿ.

"ಯವ್ವಾ, ಇವು ಬರೇ ಆಟಿಗಿ ಅಲ್ಲ. ಕೂಸಿನ ಬುದ್ಧಿ ಬೆಳಸ್ತಾವು," ಅಂದ.

"ನಿನಗ ಇವು ಸಿಗಲಿಲ್ಲ ನೋಡು, ಅದಕ್ಕ ಹಿಂಗಾದಿ," ಅಂದೆ.

ಗಿಲಕಿಗೆ ಹಚ್ಚಿದ ಬಣ್ಣವನ್ನು ಹಸಿ ಸೆರಗಿನಿಂದ ತಿಕ್ಕಿ ನೋಡಿದೆ. ಕರಡಿಯ ಕಣ್ಣು ಜಗ್ಗಿದೆ, ಕೈಗೇ ಬಂತು. ಕೂಸಿನ ಬಾಯಿಗೆ ಹೋಗಿದ್ದರೆ ಏನು ಗತಿ? ಅರ್ಧ ಕುರುಡಾಗಿ ಯಾಕಿರಬೇಕೆಂದು ಇನ್ನೊಂದನ್ನೂ ಕಿತ್ತಿಟ್ಟೆ. ಬಸು ಎರಡು ದಿನ ನನ್ನ ಜೊತೆ ಮಾತು ಬಿಟ್ಟ.

ನಿಜ ಹೇಳಬೇಕೆಂದರೆ ನನ್ನ ಸಿಟ್ಟು ಕರಡಿಯ ಮೇಲಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂದು ನಮ್ಮ ವಿಜಯಪುರದ ಕಡೆ ಬರೀ ಗಾದೆಗಾಗಿ ಹೇಳುವುದಿಲ್ಲ. ಹಿಂದಿನ ವರ್ಷ ನನ್ನ ಸೊಸೆ ಮನೀಷಾಳ ಮೊದಲ ಬಸಿರು ಏಳನೆಯ ತಿಂಗಳಲ್ಲಿ ಹೊಟ್ಟೆಯೊಳಗೇ ಹೋಗಿತ್ತು. ಹೆಣ್ಣುಕೂಸು. ಅದಾದ ಮೇಲೆ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಈ ಸಲವಾದರೂ ಕೂಸು ಮನೆಗೆ ಬರಲಿ ಎಂದು ನಾನು ಉಸಿರು ಬಿಗಿಹಿಡಿದು ಕೂತಿದ್ದರೆ, ಇವನು ಕೊನೆಗೆ ಕರೆಂಟಿನ ತೊಟ್ಟಿಲನ್ನೇ ಹೊತ್ತು ತಂದ.

"ಕೂಸು ಅತ್ರ ತಾನ ಕೇಳಿ ತಾನ ತೂಗ್ತೈತಿ," ಅಂದ. ಅಳುವ ಕೂಸನ್ನು ಯಂತ್ರ ಸಂತೈಸುವುದಾದರೆ ಅವ್ವ-ಅಜ್ಜಿ ಯಾತಕ್ಕೆ ಬೇಕು?

ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಇದೂ ಹೆಣ್ಣು. ಅಂಗೈಯಗಲದ ಜೀವವನ್ನು ಠಾಣೆ ಊರಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು. ಮನೀಷಾಳನ್ನು ಮಾತ್ರ ಮನೆಗೆ ಕಳಿಸಿದರು. ಅವಳು ದಿನಾ ಎದೆಹಾಲು ಹಿಂಡಿಕೊಂಡು ಲೋಕಲ್ ರೈಲು ಹಿಡಿದು ಹೋಗಿಬರುತ್ತಿದ್ದಳು. ತೊಟ್ಟಿಲು ಮನೆಯಲ್ಲಿ ಖಾಲಿ ಬಿದ್ದಿತ್ತು.

ಒಂದು ದಿನ ನಾನೊಬ್ಬಳೇ ಇದ್ದೆ. ಕುಕ್ಕರ್ ಸೀಟಿ ಹೊಡೆಯಿತು. ಹಾಲ್‌ನಲ್ಲಿ ಏನೋ ಕಿರುಗುಟ್ಟಿದಂತಾಗಿ ಹೋಗಿ ನೋಡಿದರೆ ಖಾಲಿ ತೊಟ್ಟಿಲು ತನ್ನಷ್ಟಕ್ಕೆ ತಾನೇ ತೂಗುತ್ತಿದೆ! ಸೀಟಿಯನ್ನೇ ಅಳು ಅಂದುಕೊಂಡಿತ್ತು, ಹುಚ್ಚು ಮುಂಡೇದು. ಖಾಲಿ ತೊಟ್ಟಿಲು ತೂಗಿದರೆ ಕೂಸಿಗೆ ಆಗಿಬರುವುದಿಲ್ಲವೆಂದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಪ್ಲಗ್ಗು ಕಿತ್ತೆ, ನಿಲ್ಲಲಿಲ್ಲ, ಒಳಗೆ ಬ್ಯಾಟರಿ. ಕೈಯಿಂದ ಹಿಡಿದೆ, ನನ್ನನ್ನೇ ದೂಡಿತು. ನನಗೆ ಅಳು ಬಂತು.

ಆಗ ನೆನಪಾದದ್ದು ಗುಂಡುಕಲ್ಲು. ನಮ್ಮಲ್ಲಿ ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ರುಬ್ಬುವ ಗುಂಡುಕಲ್ಲನ್ನು ಮಲಗಿಸುತ್ತೇವೆ, ಆಮೇಲೆ ಕೂಸನ್ನು. ಅಡುಗೆಮನೆಯಿಂದ ಕಲ್ಲು ತಂದು, ತೊಳೆದು, ನನ್ನ ಹಳೆಯ ಸೀರೆಯಲ್ಲಿ ಸುತ್ತಿ ಮಲಗಿಸಿದೆ. ತೂಗು ಈಗ ಎಷ್ಟು ತೂಗುತ್ತೀಯೋ ಅಂದೆ.

ಮನೀಷಾ ಬಂದವಳು ತೊಟ್ಟಿಲು ನೋಡಿ ಬಾಗಿಲಲ್ಲೇ ನಿಂತಳು. ಮರಾಠಿ ಮನೆಯ ಹುಡುಗಿ, ಕಲಿತವಳು. ಇವತ್ತು ರಂಪವೇ ಅಂದುಕೊಂಡೆ. ಅವಳು ಬಗ್ಗಿ ಸೀರೆ ಸರಿಸಿ ಕಲ್ಲನ್ನು ನೋಡಿದಳು. ಒಳಗೆ ಹೋಗಿ ಕುಲಾವಿ ತಂದಳು.

"ಆಯಿ, ತಲಿ ಉಘಡಾ ಐತಿ. ಥಂಡಿ ಹತ್ತತೈತಿ ನಾ," ಅಂದು ಕಲ್ಲಿಗೆ ಕುಲಾವಿ ಕಟ್ಟಿದಳು. ಇಬ್ಬರೂ ಅಲ್ಲೇ ಕೂತು ಮನಸಾರೆ ಅತ್ತೆವು. ನಮ್ಮ ಅಳು ಕೇಳಿ ತೊಟ್ಟಿಲು ಮತ್ತೆ ತೂಗತೊಡಗಿತು.

ಕೊನೆಗೆ ನಮ್ಮ ಕೂಸು ಗೌರಿ ಮನೆಗೆ ಬಂದಳು. ಈಗ ಶಾಲೆಗೆ ಹೋಗುತ್ತಾಳೆ, ನಾಲಿಗೆ ನನಗಿಂತ ಉದ್ದ.

ಇವತ್ತು ಸಂಜೆ ಅವಳು ಅಡುಗೆಮನೆಯ ಮೂಲೆಯಲ್ಲಿ ಆ ಗುಂಡುಕಲ್ಲಿನ ಮುಂದೆ ಆಟದ ತಾಟು ಇಟ್ಟುಕೊಂಡು ಕೂತಿದ್ದಳು. "ತಾಯಿ, ನೀ ಮೊದಲ ಉಣ್ಣು," ಅನ್ನುತ್ತಿದ್ದಳು. ನನ್ನ ಕಿವಿ ನೆಟ್ಟಗಾಯಿತು. ಹೆತ್ತವಳು ಕಣ್ಣೆದುರಿಗಿರುವಾಗ ಕಲ್ಲಿಗೆ ತಾಯಿ ಅನ್ನುವುದನ್ನು ಇದಕ್ಕೆ ಯಾರು ಕಲಿಸಿದರು?

"ಏನ್ ಮನೀಷಾ, ಇದೇನ್ ಕಲಿಸೀದಿ?" ಎಂದು ದಬಾಯಿಸಿದೆ.

ಅವಳು ಚಪಾತಿ ಲಟ್ಟಿಸುತ್ತಲೇ ಹೇಳಿದಳು: "ನಿಮ್ಮ ಕನ್ನಡದ ತಾಯಿ ಅಲ್ಲ, ಆಯಿ. ಮರಾಠೀದು. ತೊಟ್ಟಲದಾಗ ಇಕಿಗಿಂತ ಪಹಿಲಾ ಅಕಿನ ಮಲಗಿದ್ಲು ನಾ."

ಮರಾಠಿಯ ತಾಯಿ. ಅಂದರೆ ಅಕ್ಕ. ಇಷ್ಟು ವರ್ಷ ಈ ಊರಿನಲ್ಲಿ ಬಾಳಿ ಆ ಪದ ನನಗೆ ಗೊತ್ತಿಲ್ಲದ್ದೇನಲ್ಲ. ಮೊಮ್ಮಗಳ ಮಾತು ನನ್ನ ಕಿವಿಗೆ ಕನ್ನಡದಲ್ಲೇ ಬೀಳುತ್ತದೆ, ಅಷ್ಟೆ. ನಾವ್ಯಾರೂ ಮಾತೆತ್ತದಿದ್ದ ಆ ಮೊದಲ ಕೂಸನ್ನು ಮನೀಷಾ ಯಾವಾಗ ಮನೆಗೆ ಕರೆತಂದಿದ್ದಳೋ!

ಮೆಲ್ಲಗೆ ಗೌರಿಯ ಮಗ್ಗುಲಿಗೆ ಕೂತೆ.

"ನಿಮ್ಮ ಅಕ್ಕ ಉಂಡಳೇನವಾ?" ಎಂದು ಕೇಳಿದೆ.