ಹೊನ್ನವ್ವನ ಹೂವಿಗೆ ಕಟ್ಟಿದ ದಾರ

ಹೊನ್ನವ್ವನಿಗೆ ಮಾಟ ಬರುತ್ತದಂತೆ! ಈ ಮಾತು ಕಿವಿಗೆ ಬಿದ್ದಾಗಿನಿಂದ ನನ್ನ ಮೈ ಉರಿಯುತ್ತಿದೆ. ರಾಣೇಬೆನ್ನೂರಿನ ಈ ಓಣಿಯಲ್ಲಿ ಆಕೆಯ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಮುಂದಿನ ಕೋಣೆಯಲ್ಲಿ ಮಶೀನು ಇಟ್ಟುಕೊಂಡು ಹೆಣ್ಣುಮಕ್ಕಳ ಜಂಪರು ಹೊಲಿಯುವ ಮಕ್ತುಮಸಾಬ ನಾನು. ಆಕೆ ಬೆಳಿಗ್ಗೆ ಎದ್ದು ಏನು ಮಾಡುತ್ತಾಳೆ, ಸಂಜೆ ಏನು ಉಣ್ಣುತ್ತಾಳೆ, ಎಲ್ಲ ನನಗೆ ಗೊತ್ತು. ಆಕೆಗೆ ಮಾಟ ಬರುತ್ತಿದ್ದರೆ ಮೊದಲ ಗಿರಾಕಿ ನಾನೇ ಆಗುತ್ತಿದ್ದೆ. ನನ್ನ ಹೆಂಡತಿ ತಾಜಬಿ ಜೀವಮಾನದಲ್ಲಿ ಒಂದು ದಿನವಾದರೂ ನನ್ನ ಮಾತು ಕೇಳಲಿ ಅಂತ ಮಾಡಿಸಿಕೊಳ್ಳುತ್ತಿದ್ದೆ.

ಹೊನ್ನವ್ವ ಕುಪ್ಪೇಲೂರಿನ ಮಗಳು, ಹಲಗೇರಿಯ ಸೊಸೆ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಇಲ್ಲಿಗೆ ಬಂದಳು. ಮಗಳನ್ನು ಬ್ಯಾಡಗಿಗೆ ಕೊಟ್ಟಾಯಿತು. ಬಾಳೆಲ್ಲ ಆಕೆ ಮಾಡಿದ್ದು ಒಂದೇ ಕೆಲಸ, ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್. ಬೀಜದ ಕಂಪನಿಗಳಿಗಾಗಿ ನಮ್ಮ ಸುತ್ತಿನ ಹೊಲಗಳಲ್ಲಿ ನಡೆಯುವ ಕೆಲಸ ಅದು. ಟೊಮೆಟೊ, ಮೆಣಸಿನಗಿಡದ ಮೊಗ್ಗನ್ನು ಅರಳುವ ಮೊದಲೇ ಚಿಮಟದಿಂದ ಬಿಡಿಸಿ, ಒಳಗಿನ ಗಂಡು ಭಾಗ ಕಿತ್ತು, ಬೇರೆ ಗಿಡದ ಹೂವಿನ ಪುಡಿ ತಂದು ಮುಟ್ಟಿಸಬೇಕು. ಮುಟ್ಟಿಸಿದ ಹೂವು ಯಾವುದೆಂದು ಗೊತ್ತಾಗಲು ಅದಕ್ಕೆ ದಾರ ಕಟ್ಟಬೇಕು. ದಾರ ಕಟ್ಟಿದ ಕಾಯಿಯಿಂದಲೇ ಬೀಜ ತೆಗೆಯುವುದು. ಬಿಸಿಲಲ್ಲಿ ಬಗ್ಗಿ ಬಗ್ಗಿ ಈಗ ಆಕೆಯ ಬೆನ್ನು ನೆಟ್ಟಗಾಗುವುದಿಲ್ಲ.

ಡೇಲಿಲಿ ಅನ್ನುವ ಹೂವಿನ ಗಿಡ ಆಕೆಯ ಕೈಗೆ ಸಿಕ್ಕಿದ್ದು ಒಂದು ಕಂಪನಿಯ ಆಫೀಸಿನ ಮುಂದೆ. ಗೇಟು ಅಗಲ ಮಾಡುವಾಗ ಗಡ್ಡೆಯಂಥ ಬೇರಿನ ಸಮೇತ ಕಿತ್ತು ಬಿಸಾಕಿದ್ದರಂತೆ. ಈಕೆ ಗೊಬ್ಬರದ ಚೀಲದಲ್ಲಿ ತುಂಬಿ ತಂದು ಮನೆಯ ಮುಂದಿನ ಜಾಗದಲ್ಲಿ ಹಚ್ಚಿದಳು. ಉದ್ದುದ್ದ ಹುಲ್ಲಿನಂಥ ಎಲೆ, ನಡುವಿನಿಂದ ಎದ್ದ ಕಡ್ಡಿ, ಅದರ ತುದಿಯಲ್ಲಿ ಮೊಗ್ಗುಗಳು. ಬೆಳಿಗ್ಗೆ ಒಂದು ಹಳದಿ ಹೂವು ಅಂಗೈಯಗಲ ಅರಳುತ್ತದೆ, ಸಂಜೆಗೆ ಮುದುಡುತ್ತದೆ, ಮರುದಿನ ಪಕ್ಕದ ಮೊಗ್ಗಿನ ಪಾಳಿ. ಓಣಿಯ ಹೆಂಗಸರು ಬಂದು ಮೂಗು ಮುರಿದು ಹೋದರು. ವಾಸನೆಯಿಲ್ಲ, ಮುಡಿಯಲು ಬರುವುದಿಲ್ಲ, ದೇವರಿಗೆ ಏರಿಸುವ ರೂಢಿಯಿಲ್ಲ. ಹಾಗಾದರೆ ಅದು ಯಾತಕ್ಕೆ?

ನಾನೂ ಕೇಳಿದೆ. "ಯಕ್ಕಾ, ಇದರ ಬದಲಿ ನಾಲ್ಕು ಮಲ್ಲಿಗಿ ಬಳ್ಳಿ ಹಚ್ಚಿದ್ರ ಆಗತಿರಲಿಲ್ಲೇನು?"

"ಮಕ್ತುಮಣ್ಣಾ, ಸಣ್ಣಾಕಿ ಇದ್ದಾಗಿಂದ ನಾ ಮೊಗ್ಗು ಹರಕೋಂತನ ಬಂದೇನಿ. ಅರಳಾಕ ಬಿಟ್ರ ಮೇಸ್ತ್ರಿ ಬೈತಿದ್ದ. ಒಂದು ಹೂವು ಪೂರಾ ಅರಳೋದನ್ನ ಕುಂತು ನೋಡಬೇಕಂತ ಆಸೆ ಇತ್ತಪಾ."

ಅವತ್ತಿನಿಂದ ಬೆಳಗಿನ ಚಹಾ ಹಿಡಿದು ನಾನೂ ಗೋಡೆಗೆ ಆತು ನಿಲ್ಲತೊಡಗಿದೆ. ಖರೇ ಹೇಳುತ್ತೇನೆ, ಬಿಸಿಲು ತಾಗುತ್ತಿದ್ದಂತೆ ಆ ಎಸಳು ಹಿಂದಕ್ಕೆ ಬಾಗುವುದನ್ನು ನೋಡುತ್ತ ನಿಂತರೆ ಚಹಾ ಆರಿಹೋಗುತ್ತದೆ.

ಮುಂದೆ ಹಾವೇರಿಯ ಒಂದು ನರ್ಸರಿಯಿಂದ ಕೆಂಪು ಡೇಲಿಲಿ ತಂದಳು. ಆಮೇಲೆ ಈಕೆಯ ಕೈ ಸುಮ್ಮನಿರುತ್ತದೆಯೇ? ಕೆಂಪು ಹೂವಿನ ಪುಡಿ ತೆಗೆದು ಹಳದಿಗೆ ಮುಟ್ಟಿಸಿದಳು. ಆಕೆಗೆ ಬೇಕಾಗಿದ್ದು ಒಣಗಿದ ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ್ದು, ಒಳಗೆ ಹಳದಿ ಗಂಟಲು ಇರುವಂಥದ್ದು. ಅಂಥ ಹೂವನ್ನು ಆಕೆ ಎಲ್ಲಿಯೂ ನೋಡಿರಲಿಲ್ಲ, ಮನಸ್ಸಿನಲ್ಲಿ ಮಾತ್ರ ಇತ್ತು. ಗುರುತಿಗೆ ಕಟ್ಟಲು ದಾರ ಕೊಟ್ಟವನು ನಾನು. ಬಾಬಿನ್ನಿನಲ್ಲಿ ಉಳಿದ ತುಂಡುಗಳು, ಕೆಂಪು, ಕರಿ, ಹಸಿರು, ಯಾವುದಿದ್ದರೆ ಅದು.

ಎರಡು ವರ್ಷ ಕಾಯಿ ಕಟ್ಟಲೇ ಇಲ್ಲ, ಎಲ್ಲ ಉದುರಿದವು. ಈ ವರ್ಷ ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ಕೂಗಿದಳು. "ಮಕ್ತುಮಣ್ಣಾ, ಬಸುರು ನಿಂತೈತಿ!"

ಒಳಗೆ ತಾಜಬಿಯ ಕೈಯಿಂದ ಸೌಟು ಬಿತ್ತು. ನಾನು ಓಡಿ ಹೋಗಿ ನೋಡಿದರೆ ದಾರ ಕಟ್ಟಿದ ಕಡೆಯಲ್ಲೆಲ್ಲ ಹಸಿರು ಕಾಯಿ, ಗೋಲಿಯಷ್ಟು ದಪ್ಪ. ಅವು ಕಡ್ಡಿಯ ಮೇಲೆಯೇ ಬಲಿತು ಒಣಗಿ ಬಾಯಿ ಬಿಡಬೇಕು. ಆಗ ಕರಿ ಬೀಜ ಸಿಗುತ್ತದೆ. ಅದನ್ನು ಬಿತ್ತಿ ಮತ್ತೆ ಎರಡು ಮೂರು ವರ್ಷ ಕಾದರೆ ಹೂವು. "ಅಲ್ಲೀತನಕ ಬೆನ್ನೊಂದು ತಡಕೊಂಡ್ರ ಸಾಕು ನೋಡಣ್ಣ" ಅಂತ ನಕ್ಕಳು.

ಈಗ ಎದುರುಮನೆಯ ಮಹೇಶ್ವರಿಯ ಸುದ್ದಿಗೆ ಬರುತ್ತೇನೆ. ಆಕೆಯ ಮಗಳು ಸುಶ್ಮಿತಾಳನ್ನು ನೋಡಲು ಹಾವೇರಿಯಿಂದ ಗಂಡಿನ ಕಡೆಯವರು ಬಂದರು. ಅವಲಕ್ಕಿ ತಿಂದರು, ಚಹಾ ಕುಡಿದರು, ನಗುನಗುತ್ತ ಹೋದರು. ಆಮೇಲೆ ಫೋನು ಮಾಡಿದರೆ ಎತ್ತಲೊಲ್ಲರು. ಅದಕ್ಕೆ ನೂರು ಕಾರಣ ಇರಬಹುದು. ಮಹೇಶ್ವರಿಗೆ ಕಂಡದ್ದು ಹೊನ್ನವ್ವನ ಹೂವಿಗೆ ಕಟ್ಟಿದ ಕರಿದಾರ! ಬೆಳ್ಳಂಬೆಳಿಗ್ಗೆ ಎದ್ದು, ಹಳದಿ ಪುಡಿ ಸವರಿ, ಬಾಯಲ್ಲಿ ಏನೋ ಗುಣುಗುತ್ತ ದಾರ ಕಟ್ಟುತ್ತಾಳೆ. ಅದೂ ತಮ್ಮ ಬಾಗಿಲಿಗೆ ಎದುರಾಗಿ. ಅದೂ ಗಂಡ ಸತ್ತ ಹೆಂಗಸು. ಇಷ್ಟು ಸಾಕಾಯಿತು. ಎತ್ತು ಈದೈತಿ ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮ ಓಣಿಯವರು. ಒಬ್ಬಳ ಮಗುವಿಗೆ ಜ್ವರ ಬಂದಿದ್ದೂ, ಇನ್ನೊಬ್ಬಳ ಎಮ್ಮೆ ಹಾಲು ಬತ್ತಿಸಿದ್ದೂ ಅದೇ ದಾರದ ಲೆಕ್ಕಕ್ಕೆ ಸೇರಿತು. ದಾರ ಮಂತ್ರಿಸಿ ಕೊಟ್ಟವನು ಮಕ್ತುಮಸಾಬ ಅಂತ ನನ್ನ ಹೆಸರೂ ಬಂತು. ನಿಮ್ಮ ಬಾಯಿಗೆ ಮಣ್ಣು ಹಾಕ! ಅದೇ ರೀಲಿನ ದಾರದಲ್ಲಿ ನಿಮ್ಮ ಜಂಪರು ಹೊಲಿದಿದ್ದೇನಲ್ಲ, ಅದನ್ನು ತೊಟ್ಟು ಮದುವೆಮನೆಗೆ ಹೋಗಿ ಹೋಳಿಗೆ ಉಂಡು ಬಂದಿರಲ್ಲ, ಆಗ ಮಾಟ ತಟ್ಟಲಿಲ್ಲವೇ?

ಕೊನೆಗೆ ಓಣಿಯ ಹಿರಿಯ ವಿರೂಪಾಕ್ಷಪ್ಪ ರಾಜಿ ಮಾಡಿಸಲು ಬಂದ. ಅವನದು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು.

"ನಾ ಏನ್ ನಂಬಂಗಿಲ್ಲವಾ ಹೊನ್ನವ್ವ. ಆದ್ರ ಜನದ ಬಾಯಿ ನೋಡು. ಆ ದಾರ ಬಿಚ್ಚಿ, ಒಂದು ಟೆಂಗಿನಕಾಯಿ ಒಡದುಬಿಡು. ನಿಂದೇನು ಹೋಗತೈತಿ?"

"ತಪ್ಪು ಮಾಡಿದವರು ಕಾಯಿ ಒಡೀತಾರ್ರಿ ಯಜಮಾನ್ರ. ನಾ ಏನ್ ಮಾಡೇನಿ?" ಹೊನ್ನವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನಿಂತಳು. "ಇಷ್ಟು ವರ್ಷ ಕಂಪನಿ ಹೊಲದಾಗ ದಾರ ಕಟ್ಟೇನಿ. ನಿಮ್ಮ ಹೊಲಕ್ಕ ಬಿತ್ತಿದ ಬೀಜಾನೂ ನಮ್ಮಂಥಾರು ದಾರ ಕಟ್ಟಿದ್ದ. ಆವಾಗ ಅದು ಕೆಲಸ. ನನ್ನ ಅಂಗಳದಾಗ ನನಗಂತ ಒಂದು ಕಟ್ಟಿಕೊಂಡ್ರ ಮಾಟ ಆತೇನ್ರಿ?"

ವಿರೂಪಾಕ್ಷಪ್ಪ ಟೋಪಿ ಸರಿಮಾಡಿಕೊಂಡು ಎದ್ದು ಹೋದ.

ಮೂರು ದಿನ ಕಳೆದಿರಬೇಕು. ಹೊನ್ನವ್ವ ಮಗಳನ್ನು ನೋಡಲು ಬ್ಯಾಡಗಿಗೆ ಹೋದಳು, ನಾನು ಬಟನ್ನು ತರಲು ಪೇಟೆಗೆ ಹೋದೆ. ಇಬ್ಬರೂ ವಾಪಸು ಬರುವಷ್ಟರಲ್ಲಿ ದಾರವಿದ್ದ ಕಡ್ಡಿಗಳನ್ನೆಲ್ಲ ಕುಡಗೋಲಿನಿಂದ ಸವರಿ ರಸ್ತೆಗೆ ಚೆಲ್ಲಿದ್ದರು. ಇನ್ನೂ ಬಲಿಯದ ಕಾಯಿ, ಬೀಜವಾಗದ ಬೀಜ. ಮೇಲೆ ನಿಂಬೆಹಣ್ಣು ಬೇರೆ ಹಿಂಡಿದ್ದರು. ಯಾರು ಅಂತ ಕೇಳಬೇಕಾಗಿರಲಿಲ್ಲ, ಕುಡಗೋಲು ಮಹೇಶ್ವರಿಯ ಕಟ್ಟೆಯ ಮೇಲೆಯೇ ಇತ್ತು.

ಹೊನ್ನವ್ವ ಒಂದು ಕಾಯಿಯನ್ನು ಉಗುರಿನಿಂದ ಸೀಳಿ ನೋಡಿದಳು. ಒಳಗೆ ಬೆಳ್ಳಗೆ, ನೀರು ನೀರು. ಆಕೆಯ ಕಣ್ಣಲ್ಲಿ ನಾನು ನೀರು ಕಂಡದ್ದು ಅದೇ ಮೊದಲು. ನನಗಂತೂ ಸಿಟ್ಟು ನೆತ್ತಿಗೇರಿತು. ಓಣಿಗೆಲ್ಲ ಕೇಳುವಂತೆ ಕಿರುಚಿದೆ. "ಹೊರಗ ಬಾರವಾ ಮಹೇಶ್ವರಿ! ಮಂದಿ ಮನಿ ಮುಂದಿನ ಗಿಡ ಕೊಯ್ಯಾಕ ನಿನಗ ಯಾರು ಹೇಳಿದ್ರು?"

ಮಹೇಶ್ವರಿ ಬಂದಳು, ಅಳುಕಿಲ್ಲದೆ ಬಂದಳು. "ಕೊಯ್ದೇನಿ. ಏನೀಗ? ನನ್ನ ಮಗಳ ಬಾಳೇ ಕಟ್ಟಿಹಾಕಿದ್ಲು ಈಕಿ. ನೀ ಸುಮ್ನಿರು ಸಾಬಣ್ಣ, ನಿನ್ನ ದಾರದ ಸುದ್ದೀನೂ ಗೊತ್ತೈತಿ."

ಆಕೆಯ ಬೆನ್ನ ಹಿಂದೆ ಸುಶ್ಮಿತಾ ಬಂದು ನಿಂತಳು. ಮುಖ ಬಿಳುಚಿಕೊಂಡಿತ್ತು. ತಾಯಿಯ ಎದುರು ಎಂದೂ ದನಿ ಎತ್ತದ ಹುಡುಗಿ.

"ಯವ್ವಾ, ಸಾಕು ಮಾಡು. ಆ ಹುಡುಗಗ ನಾನ ಫೋನ್ ಮಾಡಿ ಹೇಳೇನಿ, ನಾ ಒಲ್ಲೆ ಅಂತ. ಮದುವಿ ಆದಮ್ಯಾಲೆ ಕಲಿಯೋದು ಬ್ಯಾಡ, ಕೆಲಸಾನೂ ಬ್ಯಾಡ ಅಂದ ಅಂವ. ನಿನ್ನ ಅಂಜಿಕಿಗೆ ಬಾಯಿ ಬಿಡಲಿಲ್ಲ. ಪಾಪ, ಹೊನ್ನವ್ವಾಯಿ ಏನ್ ಮಾಡ್ಯಾಳ?"

ಈಗಲಾದರೂ ಮಹೇಶ್ವರಿ ತಲೆ ತಗ್ಗಿಸುತ್ತಾಳೆ ಅಂತ ನಾನು ಕಾದೆ. ಎಲ್ಲಿಯ ಮಾತು! ಆಕೆ ಎರಡೂ ಕೈ ಎತ್ತಿ ಓಣಿಯವರನ್ನು ಕರೆದಳು.

"ಕೇಳಿದ್ರೇನ್ರವಾ? ನನ್ನ ಮಗಳು ಹಿಂಗ ಎದುರುತ್ತರ ಕೊಟ್ಟಾಕಿ ಅಲ್ಲ. ಆ ದಾರಾನ ಆಕಿ ಬಾಯಾಗ ಕುಂತು ಒಲ್ಲೆ ಅನಿಸಾಕತ್ತೈತಿ!"

ಕೇಳುತ್ತ ನಿಂತವರಲ್ಲಿ ಇಬ್ಬರು ಹೌದೆಂದು ಗೋಣು ಹಾಕಿದರು. ಇಂಥವರಿಗೆ ಏನು ಹೇಳುವುದು? ಗೋಡೆಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು ನನಗೆ.

ಹೊನ್ನವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಹೇಶ್ವರಿಯ ಕಡೆ ನೋಡಲಿಲ್ಲ, ನೇರ ಸುಶ್ಮಿತಾಳನ್ನೇ ನೋಡಿದಳು.

"ಮಗಳ, ನಿನ್ನ ಬಾಯಾಗ ಒಲ್ಲೆ ಅನ್ನೋ ಮಾತು ಬರಿಸಿದ್ದು ನನ್ನ ದಾರಾನ ಆಗಿದ್ರ, ನಾಳಿಂದ ಇದ್ದಬದ್ದ ಹೂವಿಗೆಲ್ಲ ಕಟ್ಟತೇನಿ. ಬರಲಿ, ಯಾರು ಬಿಚ್ಚತಾರೋ ನೋಡೂಣು."

ಮರುದಿನ ಬೆಳಿಗ್ಗೆ, ಕುಡಗೋಲಿಗೆ ಸಿಗದೆ ಉಳಿದ ಕಡ್ಡಿಗಳಲ್ಲಿ ಎರಡು ಹೂವು ಅರಳಿದವು. ಗೇಟು ತೆರೆದಿಟ್ಟು, ಓಣಿಗೆ ಮುಖ ಮಾಡಿ ಕುಳಿತು ಹೊನ್ನವ್ವ ಪುಡಿ ಮುಟ್ಟಿಸಿದಳು. ದಾರ ಕಟ್ಟಲು ಮಾತ್ರ ಬೆನ್ನು ನೋವಿಗೆ ಬಗ್ಗಲು ಆಗಲಿಲ್ಲ. ಎದುರುಮನೆಯ ಬಾಗಿಲು ತೆರೆಯಿತು. ಸುಶ್ಮಿತಾ ಎಲ್ಲರೂ ನೋಡುತ್ತಿರುವಾಗಲೇ ರಸ್ತೆ ದಾಟಿ ಬಂದು, ಹೊನ್ನವ್ವನ ಕೈಯಿಂದ ದಾರ ತೆಗೆದುಕೊಂಡು, ಹೂವಿನ ತೊಟ್ಟಿಗೆ ತಾನೇ ಗಂಟು ಹಾಕಿದಳು.