ಸಮೀರವಾಡಿಯ ಡ್ರೈವರ್

ಚರ್ಚಿನ ಸಭಾಪಾಲಕರ ಹೆಂಡತಿಗೆ ದೇವರು ವಿಶೇಷ ತಾಳ್ಮೆ ಕೊಟ್ಟಿರುತ್ತಾನೆ ಎಂದು ಜನ ತಿಳಿದಿದ್ದಾರೆ. ಸುಳ್ಳು, ನನಗೆ ಕೊಟ್ಟಿಲ್ಲ. ಭಾನುವಾರ ಹೆಂಗಸರ ಸಾಲಿನಲ್ಲಿ ನಾನು ಕಣ್ಣು ಮುಚ್ಚಿ ಕೂತಿದ್ದರೆ ಧ್ಯಾನದಲ್ಲಿದ್ದಾಳೆ ಅಂದುಕೊಳ್ಳಬೇಡಿ. ಮನೆಯಲ್ಲಿ ಸಣ್ಣ ಉರಿಯ ಮೇಲಿಟ್ಟು ಬಂದ ಬೇಳೆಯ ಚಿಂತೆ ಮಾಡುತ್ತಿರುತ್ತೇನೆ. ನಮ್ಮನೆಯವರ ಪ್ರಸಂಗದಲ್ಲಿ, ಅಂದರೆ ಉಪದೇಶದಲ್ಲಿ, ಕಥೆ ಶುರುವಾಯಿತೆಂದರೆ ಬೇಳೆ ತಳ ಹಿಡಿಯಿತೆಂದೇ ಅರ್ಥ.

ಬನಹಟ್ಟಿಯಲ್ಲಿ ನಮ್ಮದು ಪುಟ್ಟ ಸಭೆ. ಪಕ್ಕದ ಓಣಿಯ ಮಗ್ಗಗಳು ಆರಾಧನೆಯ ಹೊತ್ತಿಗೂ ಖಟಖಟ ಅನ್ನುತ್ತಿರುತ್ತವೆ, ಅವನ್ನು ಮೀರಿಸಿ ಕೂಗಬೇಕು. ನಮ್ಮನೆಯವರಿಗೆ ಗಂಟಲೂ ಇದೆ, ಕಥೆಯೂ ಇದೆ. ಸತ್ಯವೇದದ ನಾಲ್ಕು ಸಾಲು ಓದಿ, ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟರೆ ಮುಗಿಯಿತು. ಕನ್ನಡಕವೂ ಪುಸ್ತಕವೂ ಅಲ್ಲೇ ಉಳಿಯುತ್ತವೆ, ಇವರು ಕಥೆಯೊಳಗಿನ ಕಬ್ಬಿನ ಟ್ರ್ಯಾಕ್ಟರ್ ಹತ್ತಿ ಹೊರಟುಬಿಡುತ್ತಾರೆ. ನಾನು ತಕರಾರು ತೆಗೆದರೆ ಒಂದೇ ಉತ್ತರ: "ಯೇಸುಸ್ವಾಮಿನೂ ಕಥಿ ಹೇಳ್ಯಾನಲ್ಲ?"

"ಅಂವ ಮಾಲಕ ಅದಾನ್ರಿ. ನೀವು ಕೂಲಿ ನೇಕಾರ" ಎನ್ನುತ್ತೇನೆ.

ನಾನು ನೇಕಾರರ ಮನೆಯ ಮಗಳು. ನಮ್ಮ ಕಡೆ ಮಾಲಕ ನೂಲು ಕೊಡುತ್ತಾನೆ, ಸೀರೆಯ ನಮೂನೆಯನ್ನೂ ಕೊಡುತ್ತಾನೆ. ಅದರಂತೆ ನೇಯ್ದು ಒಪ್ಪಿಸಬೇಕು. ನಮ್ಮಪ್ಪ ಒಮ್ಮೆ ಹುರುಪಿಗೆ ಬಿದ್ದು ಸೆರಗಿನಲ್ಲಿ ತನ್ನದೊಂದು ನವಿಲು ಕೂಡಿಸಿದ. ನವಿಲು ಬಹಳ ಚಂದ ಬಂದಿತ್ತು. ಮಾಲಕ ಸೀರೆಯನ್ನು ಹಿಂದಕ್ಕೆ ಕಳಿಸಿದ, ಅವ್ವ ಅದನ್ನು ಹರಿಯುವವರೆಗೂ ಬೈಯುತ್ತಲೇ ಉಟ್ಟಳು.

ಇಷ್ಟು ಹೇಳಿದರೂ ನಮ್ಮನೆಯವರು ಕೇಳಬೇಕಲ್ಲ! ಒಂದು ಭಾನುವಾರ ಓದಿದ್ದು ಪಾರ್ಶ್ವವಾಯು ರೋಗಿಯ ಭಾಗ. ನಾಲ್ವರು ಅವನನ್ನು ಹಾಸಿಗೆ ಸಮೇತ ಹೊತ್ತು ತರುತ್ತಾರೆ, ಗುಂಪಿನಲ್ಲಿ ದಾರಿ ಸಿಗದೆ ಮಾಳಿಗೆ ಬಿಚ್ಚಿ ಯೇಸುವಿನ ಮುಂದೆ ಇಳಿಸುತ್ತಾರೆ, ಅವನು ಎದ್ದು ಹಾಸಿಗೆ ಹೊತ್ತು ಮನೆಗೆ ನಡೆಯುತ್ತಾನೆ. ಇಷ್ಟನ್ನು ಜಮಖಂಡಿ ಬಸ್ಸಿನ ಕಂಡಕ್ಟರ್ ಊರುಗಳ ಹೆಸರು ಕೂಗಿದ ಹಾಗೆ ಓದಿ ಮುಗಿಸಿದರು. ಆಮೇಲೆ ಬಂದ ನೋಡಿ, ಸಮೀರವಾಡಿಯ ಡ್ರೈವರ್. ಟ್ರಾಲಿ ಮಗುಚಿ ಕಾಲು ಮುರಿದುಕೊಂಡ, ಹಿಂದಿಲ್ಲ ಮುಂದಿಲ್ಲದ ಬಡವ. ಕಬ್ಬು ಕಡಿಯುವ ನಾಲ್ವರು ಅವನನ್ನು ಹೊರಸಿನ ಮೇಲೆ ದವಾಖಾನೆಗೆ ಹೊತ್ತರು. ದಾರಿ ಉದ್ದಕ್ಕೂ ಅವನ ನರಳಾಟ, ನಮ್ಮ ಹೆಂಗಸರ ಕಣ್ಣಲ್ಲಿ ನೀರು. ಆ ಡ್ರೈವರ್ ಹುಟ್ಟಿದ್ದು ಹಿಂದಿನ ಸಂಜೆ ನಮ್ಮ ಪಡಸಾಲೆಯಲ್ಲಿ, ಚಹಾ ಕುಡಿಯುವಾಗ. ಅದಕ್ಕೆ ನಾನೇ ಸಾಕ್ಷಿ.

ಕೆಲವು ವಾರ ಕಳೆದ ಮೇಲೆ ನಮ್ಮ ಸಭೆಗೆ ಬರುವ ಹುನ್ನೂರಿನ ರತ್ನವ್ವನ ಮನೆಗೆ ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಹೋದೆವು. ರತ್ನವ್ವನ ಗಂಡನಿಗೆ ಲಕ್ವಾ, ಅದೇ ಪಾರ್ಶ್ವವಾಯು, ಹೊಡೆದು ಬಹಳ ದಿನವಾಯಿತು, ಹಾಸಿಗೆ ಹಿಡಿದಿದ್ದಾನೆ. ಆಕೆಗೆ ಓದು ಬಾರದು. ವೇದವೆಂದರೆ ನಮ್ಮನೆಯವರ ಬಾಯಿಂದ ಬಂದದ್ದು, ಅಷ್ಟೇ. ನಾವು ಕೂಡುವುದರೊಳಗೆ ಕೇಳಿದಳು: "ಅಪ್ಪಾರ, ಆ ಸಮೀರವಾಡಿ ಡ್ರೈವರನ ಕಾಲ ಈಗ ಹೆಂಗೈತ್ರಿ? ಅವತ್ತಿಂದ ನನ್ನ ಉಪಾಸ ಅವನ ಹೆಸರಿಲೆ ಹಿಡದೇನಿ."

"ನಿನ್ನ ಗಂಡನ ಹೆಸರಿಲೆ ಹಿಡೀತಿದ್ದೆಲ್ಲವಾ?" ಎಂದೆ ನಾನು.

"ಇವರಿಗೆ ನಾ ಅದೀನ್ರಿ ಅವ್ವಾರ. ಅವಗ ಯಾರದಾರ?"

ನನಗೆ ನಗು ಬರಬೇಕಿತ್ತು, ಬರಲಿಲ್ಲ. ನಮ್ಮನೆಯವರ ಮುಖ ಇಷ್ಟೇ ಇಷ್ಟಾಗಿತ್ತು. ಆದರೂ ಹೇಳಿಬಿಟ್ಟರು, ಅದಕ್ಕೆ ಮೆಚ್ಚಬೇಕು. "ರತ್ನವ್ವಾ, ಆ ಡ್ರೈವರ ಇಲ್ಲವಾ. ತಿಳೀಲಿ ಅಂತ ನಾನ ಕಟ್ಟಿದ ಕಥಿ ಅದು."

ಆಕೆ ಗಂಡನ ಮಂಚದ ಕಡೆ ಒಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಹಂಗಾರ, ಮಾಳಗಿಯಿಂದ ಇಳಿಸಿದ್ರಲ್ರಿ, ಎದ್ದು ಹಾಸಗಿ ಹೊತ್ಕೊಂಡು ನಡದನಲ್ರಿ... ಅಂವನೂ ನೀವು ಕಟ್ಟಿದಾಂವನ ಏನ್ರಿ?"

ಪ್ರಸಂಗ ಏಕೆ ವೇದವನ್ನೇ ಹಿಡಿದು ನಡೆಯಬೇಕು ಎಂದು ವಿವರಿಸುವ ದಪ್ಪ ಪುಸ್ತಕಗಳು ನಮ್ಮ ಕಪಾಟಿನಲ್ಲಿವೆ. ಧೂಳು ಹೊಡೆಯುವವಳು ನಾನೇ. ಅವು ಏನು ಹೇಳುತ್ತವೋ ಗೊತ್ತಿಲ್ಲ, ನನಗೆ ತಿಳಿದಿದ್ದು ಆ ಮನೆಯಲ್ಲಿ. ಎದ್ದು ನಡೆದ ಆ ಒಬ್ಬನನ್ನು ನೆಚ್ಚಿಕೊಂಡು ಈಕೆ ದಿನ ದೂಡುತ್ತಿದ್ದಳು. ಅವನ ಪಕ್ಕದಲ್ಲಿ ನಾವು ನಮ್ಮವನೊಬ್ಬನನ್ನು ಮಲಗಿಸಿ, ಇಬ್ಬರಲ್ಲಿ ಖರೆ ಯಾರೆಂದು ತಿಳಿಯದ ಹಾಗೆ ಮಾಡಿದ್ದೆವು.

ನಮ್ಮನೆಯವರು ಕನ್ನಡಕ ಹಾಕಿಕೊಂಡರು, ತೆಗೆಯಲಿಲ್ಲ. ಆ ಭಾಗವನ್ನೇ ಬೆರಳಿಟ್ಟು ಸಾಲುಸಾಲಾಗಿ ಓದಿದರು. "ಇದು ವೇದದಾಗ ಬರದದ್ದು, ರತ್ನವ್ವಾ. ನಂದಲ್ಲ." ಆಕೆ ಇನ್ನೊಮ್ಮೆ ಓದಿಸಿದಳು. ಮಂಚದ ಮೇಲಿನ ಮನುಷ್ಯನೂ ಕತ್ತು ಈಚೆ ಹೊರಳಿಸಿ ಕೇಳಿದ. ಎದ್ದು ನಡೆದನೇ ಎನ್ನುತ್ತೀರಾ? ಇಲ್ಲ, ಇನ್ನೂ ನಡೆದಿಲ್ಲ. ಕಥೆಯಲ್ಲಾದರೆ ನಡೆಸಿಬಿಡಬಹುದಿತ್ತು, ಆದರೆ ನಾನು ನಮ್ಮನೆಯವರಲ್ಲ.

ಈಗ ಪ್ರಸಂಗದ ನಡುವೆ ಇವರ ಕೈ ಕನ್ನಡಕದ ಕಡೆ ಹೋದರೆ ಸಾಕು, ಮುಂದಿನ ಸಾಲಿನಿಂದ ರತ್ನವ್ವ ಕೇಳಿಯೇಬಿಡುತ್ತಾಳೆ: "ಅಪ್ಪಾರ, ಇದು ಬರದದ್ದೋ, ನಿಮ್ಮದೋ?" ಸಭೆಗೆ ಸಭೆಯೇ ನಗುತ್ತದೆ. ಇವರೂ ನಕ್ಕು ಪುಸ್ತಕಕ್ಕೆ ಮರಳುತ್ತಾರೆ. ನಮ್ಮ ಬೇಳೆ ತಳ ಹಿಡಿಯುವುದು ನಿಂತಿದೆ.

ಮೊನ್ನೆ ಶುಕ್ರವಾರ ಮತ್ತೆ ಹುನ್ನೂರಿಗೆ ಹೋಗಿದ್ದೆವು. ರತ್ನವ್ವ ಮೊದಲು ಗಂಡನಿಗಾಗಿ ಪ್ರಾರ್ಥಿಸಿದಳು, ಆಮೇಲೆ, "ಆ ಡ್ರೈವರನ ಕಾಲಿಗೂ ಬಲಾ ಕೊಡಪ್ಪಾ" ಅಂದಳು. ನನಗೆ ತಡೆಯಲಾಗದೆ ಕಣ್ಣು ಬಿಟ್ಟೆ. "ಅಂವ ಇಲ್ಲಂತ ಹೇಳ್ಯಾರಲ್ಲವಾ?"

"ಎಲ್ಯೋ ಒಬ್ಬಾಂವ ಇರ್ತಾನ ತಗೋರಿ ಅವ್ವಾರ, ಕಾಲ ಮುರಕೊಂಡು, ಯಾರೂ ಇಲ್ಲದಾಂವ. ಅವಗ ಮುಟ್ಟಲಿ."

ನಮ್ಮನೆಯವರು ತಲೆ ಎತ್ತದೆ ಆಮೆನ್ ಅಂದರು.